ನಾಲ್ಕು ಚಕ್ರಗಳೂ ನೆಲ ಮುಟ್ಟಬೇಕು



ನನ್ನ ಮುಂದೆ ಮೇಜಿನ ಮೇಲಿರುವ ಈ ವಸ್ತುವನ್ನು ದೂರದಿಂದ ನೋಡಿದವರು ಮಕ್ಕಳ ಆಟಿಕೆ ಎಂದುಕೊಳ್ಳಬಹುದು. ಇದರ ಉದ್ದ 66 ಮಿಲಿಮೀಟರ್, ಅಗಲ 32 ಮಿಲಿಮೀಟರ್. ಒಂದು ಬೆಂಕಿಪೊಟ್ಟಣಕ್ಕಿಂತ ಕೊಂಚ ಉದ್ದ, ಅಷ್ಟೇ. ಆದರೆ ಅಂಗೈ ಮೇಲಿಟ್ಟುಕೊಂಡರೆ ಅದರ ತೂಕ ಕೈಗೆ ತಿಳಿಯುತ್ತದೆ. ಇದು ಪ್ಲಾಸ್ಟಿಕ್ ಅಲ್ಲ, ತಗಡೂ ಅಲ್ಲ. ಸೀಸ, ತವರ ಮೊದಲಾದ ಲೋಹಗಳನ್ನು ಕರಗಿಸಿ, ಎರಕ ಹೊಯ್ದು ಮಾಡಿದ ಬಿಡಿಭಾಗಗಳಿಂದ ಕಟ್ಟಿದ ಒಂದು ಗೂಡ್ಸ್ ವ್ಯಾಗನ್. ಇಂಗ್ಲೆಂಡಿನ ಕಲ್ಲಿದ್ದಲು ಸಾಗಿಸುತ್ತಿದ್ದ ವ್ಯಾಗನ್ನಿನ ಮಾದರಿ. ಇಂಥದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಒಂದು ಪುಟ್ಟ ರಟ್ಟಿನ ಡಬ್ಬಿಯಲ್ಲಿ ಬಿಡಿಭಾಗಗಳೂ ಒಂದು ಸೂಚನೆಯ ಹಾಳೆಯೂ ಬರುತ್ತವೆ. ಅದನ್ನು ಕಿಟ್ ಎನ್ನುತ್ತಾರೆ. ಜೋಡಿಸುವ ಕೆಲಸ ಕೊಂಡವರದು.

ಈ ವ್ಯಾಗನ್ನನ್ನು ಮೊದಲ ಸಲ ಜೋಡಿಸಿದವರು ನನ್ನ ಸೋದರಮಾವ. ಎರಡನೆಯ ಸಲ ಜೋಡಿಸಿದವನು ನಾನು. ಒಂದೇ ವ್ಯಾಗನ್ನನ್ನು ಎರಡು ಸಲ ಏಕೆ ಜೋಡಿಸಬೇಕಾಯಿತು, ಅದು ಹೇಗೆ ಸಾಧ್ಯವಾಯಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಮ್ಮ ಮಾವ ವೈದ್ಯರು. 1974ರಲ್ಲಿ ಇಂಗ್ಲೆಂಡಿಗೆ ಹೋಗಿ, ದಕ್ಷಿಣ ಯಾರ್ಕ್‌ಷೈರಿನ ಒಂದು ಗಣಿ ಊರಿನಲ್ಲಿ ಮೂವತ್ತು ವರ್ಷ ವೃತ್ತಿ ಮಾಡಿದರು. ಅವರ ಬಳಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಇಲ್ಲವೇ ಅವರ ಮನೆಯವರು. ಧೂಳು ಕುಡಿದು ಗಟ್ಟಿಯಾದ ಶ್ವಾಸಕೋಶಗಳ ಎಕ್ಸ್‌ರೇ ನೋಡುವುದೇ ದಿನನಿತ್ಯದ ಕೆಲಸವಾಗಿತ್ತು ಎಂದು ಮಾವ ಹೇಳುತ್ತಿದ್ದರು. ಅಂಥ ರೋಗಿಗಳಲ್ಲಿ ಒಬ್ಬ ನಿವೃತ್ತ ಗಣಿಕಾರ್ಮಿಕರಿಗೆ ರೈಲು ಮಾದರಿ ಕಟ್ಟುವ ಹವ್ಯಾಸವಿತ್ತು. 1986ರ ಕ್ರಿಸ್‌ಮಸ್ಸಿನಲ್ಲಿ ಅವರು ಮಾವನಿಗೆ ಈ ಕಿಟ್ಟನ್ನು ಉಡುಗೊರೆಯಾಗಿ ಕೊಟ್ಟರಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಗಣಿಯ ಬಾಯಿಯಲ್ಲಿ ಕಲ್ಲು ಆರಿಸುವ ಹುಡುಗನಾಗಿ ಸೇರಿದಾಗ ತಾವು ತುಂಬಿಸಿ ಕಳಿಸುತ್ತಿದ್ದುದು ಇಂಥ ವ್ಯಾಗನ್ನುಗಳನ್ನೇ ಎಂದು ಅವರು ಹೇಳಿದ್ದರಂತೆ.

ಈ ವ್ಯಾಗನ್ನಿನ ಬಗೆಗೆ ನಾಲ್ಕು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ ರೈಲ್ವೆಗಳು ಖಾಸಗಿ ಕಂಪನಿಗಳ ಕೈಯಲ್ಲಿದ್ದ ಕಾಲದಲ್ಲಿ, ಕಲ್ಲಿದ್ದಲ ವ್ಯಾಗನ್ನುಗಳಲ್ಲಿ ಬಹುಪಾಲು ರೈಲ್ವೆಯವರವೂ ಆಗಿರಲಿಲ್ಲ. ಗಣಿಗಳು, ಕಲ್ಲಿದ್ದಲ ವರ್ತಕರು, ಕಾರ್ಖಾನೆಗಳು ತಮ್ಮ ತಮ್ಮ ವ್ಯಾಗನ್ನುಗಳನ್ನು ತಾವೇ ಇಟ್ಟುಕೊಂಡು, ಪಕ್ಕದ ಹಲಗೆಗಳ ಮೇಲೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ತಮ್ಮ ಹೆಸರು ಬರೆಸುತ್ತಿದ್ದರು. ನಮ್ಮಲ್ಲಿ ಲಾರಿಗಳ ಹಣೆಯ ಮೇಲೆ ಮಾಲೀಕರ ಹೆಸರು ಬರೆಸುವ ಹಾಗೆ. ಎಲ್ಲರ ವ್ಯಾಗನ್ನುಗಳೂ ಒಂದೇ ಹಳಿಯ ಮೇಲೆ ಓಡಬೇಕಾದುದರಿಂದ ಅವುಗಳ ಅಳತೆಗೆ ಒಂದು ಸಮಾನ ಕ್ರಮ ಬೇಕಾಯಿತು. ರೈಲ್ವೆ ಕಂಪನಿಗಳ ಪರಸ್ಪರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ರೈಲ್ವೆ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ 1923ರಲ್ಲಿ ಹನ್ನೆರಡು ಟನ್ನಿನ ವ್ಯಾಗನ್ನಿಗೆ ಒಂದು ಮಾದರಿ ನಕ್ಷೆ ಗೊತ್ತುಮಾಡಿತು. ಹದಿನಾರೂವರೆ ಅಡಿ ಉದ್ದ, ಎಂಟು ಅಡಿ ಅಗಲ, ಎರಡು ಇರುಸುಗಳ ನಡುವೆ ಒಂಬತ್ತು ಅಡಿ. ಎತ್ತಿನ ಗಾಡಿಯ ಮಾತಿನಲ್ಲಿ ಇರುಸು ಎಂದರೆ ಏನೋ ರೈಲ್ವೆಯವರ ಮಾತಿನಲ್ಲಿ ಆಕ್ಸಲ್ ಎಂದರೂ ಅದೇ. ಪಕ್ಕಕ್ಕೆ ಒಂದರ ಮೇಲೊಂದು ಏಳು ಮರದ ಹಲಗೆಗಳು. ಮೇಲೆ ಮುಚ್ಚಳವಿಲ್ಲ. ಗಾಳಿ ಅಥವಾ ನಿರ್ವಾತದ ಬ್ರೇಕೂ ಇಲ್ಲ, ಕೈಯಿಂದ ಒತ್ತುವ ಸನ್ನೆಯ ಬ್ರೇಕು ಮಾತ್ರ. ಕಡಿದಾದ ಇಳಿಜಾರು ಬಂದಾಗ ರೈಲು ನಿಲ್ಲಿಸಿ, ಗಾರ್ಡು ಇಳಿದು, ಒಂದೊಂದೇ ವ್ಯಾಗನ್ನಿನ ಸನ್ನೆ ಒತ್ತಿ ಸಿಕ್ಕಿಸಬೇಕಾಗಿತ್ತು.

ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿ ಸರ್ಕಾರ ಈ ಖಾಸಗಿ ವ್ಯಾಗನ್ನುಗಳನ್ನೆಲ್ಲ ಒಟ್ಟುಗೂಡಿಸಿ, ಯಾರದು ಎಂದು ನೋಡದೆ ಎಲ್ಲಿ ಬೇಕೋ ಅಲ್ಲಿಗೆ ಓಡಿಸಿತು. 1948ರ ಜನವರಿ 1ರಂದು ರೈಲ್ವೆಗಳು ರಾಷ್ಟ್ರೀಕರಣಗೊಂಡಾಗ ಇಂಥ ಐದು ಲಕ್ಷಕ್ಕೂ ಮಿಕ್ಕಿದ ವ್ಯಾಗನ್ನುಗಳು ಬ್ರಿಟಿಷ್ ರೈಲ್ವೆಯ ಪಾಲಿಗೆ ಬಂದವು. ಕಬ್ಬಿಣದ ಹದಿನಾರು ಟನ್ನಿನ ವ್ಯಾಗನ್ನುಗಳು ಬರುತ್ತಿದ್ದಂತೆ ಮರದವು ಒಂದೊಂದಾಗಿ ಮರೆಯಾದವು.

ಇನ್ನು ಮಾದರಿಯ ಅಳತೆ. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಬಲ್ ಓ ಎಂಬ ಅಳತೆ. ನಿಜವಾದ ವಸ್ತುವಿನ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್. ಅಂದರೆ ನಿಜದ 76ರಲ್ಲಿ ಒಂದು ಭಾಗ. ಹದಿನಾರೂವರೆ ಅಡಿಯ ವ್ಯಾಗನ್ 66 ಮಿಲಿಮೀಟರ್ ಆದದ್ದು ಹೀಗೆ. ಇದರಲ್ಲೊಂದು ತಮಾಷೆಯಿದೆ. ಬ್ರಿಟನ್ನಿನ ಹಳಿಗಳ ನಡುವಣ ಅಂತರ 4 ಅಡಿ ಎಂಟೂವರೆ ಅಂಗುಲ. ಈ ಲೆಕ್ಕದಲ್ಲಿ ಮಾದರಿಯ ಹಳಿ 18.83 ಮಿಲಿಮೀಟರ್ ಇರಬೇಕು. ಆದರೆ ಇರುವುದು 16.5 ಮಾತ್ರ. ಯುರೋಪ್ ಖಂಡದವರು ಅಡಿಗೆ ಮೂರೂವರೆ ಮಿಲಿಮೀಟರ್ ಹಿಡಿದು 16.5ರ ಹಳಿ ಹಾಕಿದ್ದರು. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಅಂದಿನ ಮೋಟಾರು ಅವುಗಳ ಒಳಗೆ ಹಿಡಿಸಲಿಲ್ಲ. ಆಗ ಹಳಿಯನ್ನು ಹಾಗೆಯೇ ಬಿಟ್ಟು, ಮೇಲಿನ ಒಡಲನ್ನು ಮಾತ್ರ ಹಿಗ್ಗಿಸಿದರು. ಅಂದಿನಿಂದ ಈ ಪುಟ್ಟ ರೈಲುಗಳು ಇರಬೇಕಾದುದಕ್ಕಿಂತ ಏಳು ಅಂಗುಲ ಕಿರಿದಾದ ಹಳಿಯ ಮೇಲೆ ಓಡುತ್ತಲೇ ಇವೆ. ಇದನ್ನು ಸಹಿಸದವರು 18.83ರ ಹಳಿಯನ್ನು ತಾವೇ ಕೈಯಾರೆ ಹಾಕಿಕೊಳ್ಳುತ್ತಾರೆ. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿಯದು. ಇದೇ ಅಳತೆಯಲ್ಲಿ ನಮ್ಮ ರೈಲಿನ ಮಾದರಿ ಕಟ್ಟುವವರಿಗೆ ಹಳಿ ಸರಿಯಾಗಿ 22 ಮಿಲಿಮೀಟರ್ ಬೇಕಾಗುತ್ತದೆ.

ಈಗ ಲೋಹದ ವಿಷಯಕ್ಕೆ ಬರೋಣ. ಇದಕ್ಕೆ ವೈಟ್ ಮೆಟಲ್, ಬಿಳಿಲೋಹ ಎಂದು ಹೆಸರು. ತವರ, ಸೀಸ, ಸ್ವಲ್ಪ ಆಂಟಿಮನಿ, ಕೆಲವೊಮ್ಮೆ ಬಿಸ್ಮತ್ ಬೆರೆತ ಮಿಶ್ರಲೋಹ. ನಮಗೆ ಇದು ತೀರ ಅಪರಿಚಿತವೇನಲ್ಲ. ಹಳೆಯ ಮುದ್ರಣಾಲಯಗಳಲ್ಲಿ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಕನ್ನಡ ಪುಸ್ತಕ ಅಚ್ಚು ಹಾಕುತ್ತಿದ್ದರಲ್ಲ, ಆ ಮೊಳೆಗಳ ಲೋಹವೂ ಸೀಸ, ಆಂಟಿಮನಿ, ತವರಗಳ ಮಿಶ್ರಣವೇ. ಎರಡೂ ಕಡೆ ಬೇಕಾದ ಗುಣ ಒಂದೇ. ಬೇಗ ಕರಗಬೇಕು, ಅಚ್ಚಿನ ಮೂಲೆ ಮೂಲೆಗೂ ಹರಿಯಬೇಕು, ತಣಿಯುವಾಗ ಹೆಚ್ಚು ಕುಗ್ಗದೆ ಅಂಚು ಚೂಪಾಗಿ ಮೂಡಬೇಕು. ಅಕ್ಷರದ ಒತ್ತು ಮೂಡಿಸಿದ ಲೋಹವೇ ಇಲ್ಲಿ ಹಲಗೆಯ ಸಂದು, ಬೋಲ್ಟಿನ ತಲೆ, ಕಮಾನುಪಟ್ಟಿಯ ಒಂದೊಂದು ಎಲೆಯನ್ನೂ ಮೂಡಿಸುತ್ತದೆ.

ಎರಕ ಹೊಯ್ಯುವ ಬಗೆ ಸ್ವಾರಸ್ಯವಾಗಿದೆ. ಮೊದಲು ಹಿತ್ತಾಳೆಯಲ್ಲಿ ಒಂದು ಮೂಲ ಮಾದರಿ ಮಾಡುತ್ತಾರೆ. ಶಾಖಕ್ಕೆ ತಡೆಯುವ ರಬ್ಬರಿನ ಎರಡು ಬಿಲ್ಲೆಗಳ ನಡುವೆ ಅದನ್ನಿಟ್ಟು ಒತ್ತಿ ಅಚ್ಚು ತೆಗೆಯುತ್ತಾರೆ. ಬಿಲ್ಲೆಗಳನ್ನು ಜೋಡಿಸಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತ ನಡುವಿನ ರಂಧ್ರದಿಂದ ಕರಗಿದ ಲೋಹ ಹೊಯ್ಯುತ್ತಾರೆ. ಮೊಸರು ಕಡೆಯುವಾಗ ಹನಿಗಳು ಹೊರಕ್ಕೆ ಸಿಡಿಯುವಂತೆ ಲೋಹ ಅಂಚಿನ ಕಡೆಗೆ ನುಗ್ಗಿ ಅಚ್ಚನ್ನು ತುಂಬುತ್ತದೆ. ಬಂಡವಾಳ ಹೆಚ್ಚು ಬೇಡ. ಹಾಗಾಗಿ ಇಂಗ್ಲೆಂಡಿನಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಮೂವರು ಸೇರಿ ನಡೆಸುವ ಪುಟ್ಟ ಉದ್ಯಮಗಳು ಇಂಥ ಕಿಟ್ಟುಗಳನ್ನು ತಯಾರಿಸಿದವು. ದೊಡ್ಡ ಕಾರ್ಖಾನೆಗಳು ಲಾಭವಿಲ್ಲವೆಂದು ಮುಟ್ಟದ ಎಷ್ಟೋ ಬಗೆಯ ವ್ಯಾಗನ್ನು, ಎಂಜಿನ್ನುಗಳು ಹವ್ಯಾಸಿಗಳ ಕೈಗೆ ಸಿಕ್ಕಿದ್ದು ಇವರಿಂದ.

ಒಂದು ಎಚ್ಚರಿಕೆಯ ಮಾತು. ಹಳೆಯ ಕಿಟ್ಟುಗಳಲ್ಲಿ ಸೀಸವಿದೆ. ಈಗ ಸೀಸವಿಲ್ಲದ ಮಿಶ್ರಲೋಹಗಳೂ ಬಂದಿವೆ, ಆದರೆ ಡಬ್ಬಿ ನೋಡಿ ತಿಳಿಯುವುದು ಕಷ್ಟ. ಬೆಸುಗೆಯ ಶಾಖದಲ್ಲಿ ಸೀಸ ಆವಿಯಾಗುವುದು ನಗಣ್ಯ. ಅಪಾಯವಿರುವುದು ಅರದಿಂದ ಉಜ್ಜಿದಾಗ ಉದುರುವ ಪುಡಿಯಲ್ಲಿ, ಅದೇ ಕೈಯಲ್ಲಿ ಬಾಯಿಗಿಡುವ ತಿಂಡಿಯಲ್ಲಿ. ಕೆಲಸದ ಮೇಜಿನ ಬಳಿ ಕಾಫಿ ಲೋಟ ಬೇಡ. ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಪುಟ್ಟ ಮಕ್ಕಳನ್ನು ದೂರವಿಡಬೇಕು. ಇಷ್ಟು ಪಾಲಿಸಿದರೆ ಸಾಕು, ಆದರೆ ಪಾಲಿಸಲೇಬೇಕು.

ಮಾವ ನಿವೃತ್ತರಾಗಿ 2004ರಲ್ಲಿ ಮೈಸೂರಿಗೆ ಬಂದಾಗ ಈ ವ್ಯಾಗನ್ನೂ ಬಂತು. ಒಂದು ಎಂಜಿನ್ನು, ಊಟದ ಮೇಜಿನ ಮೇಲೆ ಹರಡುವಷ್ಟು ಹಳಿ ಅವರ ಬಳಿ ಇದ್ದವು. ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಸಲೀಸಾಗಿ ಸುತ್ತುತ್ತಿದ್ದವು. ಮಾವ ತಾವೇ ಕಟ್ಟಿದ ಈ ವ್ಯಾಗನ್ ಮಾತ್ರ ಮೊದಲ ತಿರುವಿನಲ್ಲೇ ಹಳಿ ತಪ್ಪುತ್ತಿತ್ತು. ಪ್ರತಿ ಸಲವೂ ಅವರು "ನೋಡೋಣ, ಇದನ್ನೊಂದು ದಿನ ಸರಿಮಾಡ್ತೀನಿ" ಎಂದು ಎತ್ತಿ ಪಕ್ಕಕ್ಕಿಡುತ್ತಿದ್ದರು. ಆ ದಿನ ಬರಲಿಲ್ಲ. 2018ರಲ್ಲಿ ಅವರು ತೀರಿಕೊಂಡರು. ಮೂರು ವರ್ಷದ ಮೇಲೆ ಅತ್ತೆ ಈ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಮನೆಗೆ ತಂದು, ಒಂದು ದಪ್ಪ ಗಾಜಿನ ಹಲಗೆಯ ಮೇಲೆ ನಿಲ್ಲಿಸಿದೆ. ಮೂಲೆಯೊಂದನ್ನು ಬೆರಳಿನಿಂದ ಒತ್ತಿದರೆ ಟಕ್ ಎಂದು ಅಲುಗಿತು. ನಾಲ್ಕು ಚಕ್ರಗಳಲ್ಲಿ ಮೂರು ಮಾತ್ರ ಗಾಜನ್ನು ಮುಟ್ಟುತ್ತಿದ್ದವು. ನಾಲ್ಕನೆಯದರ ಕೆಳಗೆ ಬರೆಯುವ ಕಾಗದದ ಹಾಳೆಗಳನ್ನು ಒಂದೊಂದಾಗಿ ತೂರಿಸಿ ನೋಡಿದೆ. ನಾಲ್ಕು ಹಾಳೆ ಹಿಡಿಸಿದವು. ಅಂದರೆ ಸುಮಾರು 0.4 ಮಿಲಿಮೀಟರ್. ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ 76ರಿಂದ ಗುಣಿಸಿ ನೋಡಿ. ನಿಜವಾದ ವ್ಯಾಗನ್ನಿನ ಒಂದು ಚಕ್ರ ಹಳಿಯಿಂದ ಒಂದು ಅಂಗುಲಕ್ಕೂ ಮೇಲೆ ತೇಲುತ್ತಿದೆ ಎಂದಾಯಿತು. ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವ ಒಳ ಅಂಚಿನ ಏಣು ಮಾದರಿಯಲ್ಲಿ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಅದರಲ್ಲಿ 0.4 ಹೋದರೆ ಉಳಿಯುವುದು ಎಷ್ಟು? ತಿರುವಿನಲ್ಲಿ ಏಣು ಹಳಿಯ ಮೇಲೆ ಹತ್ತಿಬಿಡುತ್ತದೆ.

ನಮ್ಮ ಹಳ್ಳಿಗಳಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ನೆಲ ಎಷ್ಟೇ ಉಬ್ಬು ತಗ್ಗಾಗಿದ್ದರೂ ಮೂರು ಕಲ್ಲಿನ ಮೇಲೆ ಕೂತ ಮಡಕೆ ಅಲುಗುವುದಿಲ್ಲ. ಏಕೆಂದರೆ ಮೂರು ಬಿಂದುಗಳ ಮೂಲಕ ಯಾವಾಗಲೂ ಒಂದು ಸಮತಲ ಹಾದುಹೋಗುತ್ತದೆ. ನಾಲ್ಕನೆಯ ಕಲ್ಲು ಇಟ್ಟೊಡನೆ ತೊಂದರೆ ಶುರು. ನಾಲ್ಕು ಕಾಲಿನ ಕುರ್ಚಿ ಕುಂಟುತ್ತದೆ, ಮೂರು ಕಾಲಿನ ಮುಕ್ಕಾಲಿ ಕುಂಟುವುದಿಲ್ಲ. ನಿಜವಾದ ವ್ಯಾಗನ್ನಿನಲ್ಲಿ ಪ್ರತಿ ಚಕ್ರದ ಮೇಲೂ ಕಮಾನುಪಟ್ಟಿ ಇದ್ದು ಹಳಿಯ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಎರಕದ ಮಾದರಿಯಲ್ಲಿ ಕಮಾನುಪಟ್ಟಿ ನೋಟಕ್ಕೆ ಮಾತ್ರ, ಅದು ಅಲುಗದು. ಇದಕ್ಕಾಗಿ ಕೆಲವರು ಒಂದು ಇರುಸನ್ನು ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ನಡುವೆ ಒಂದೇ ಆಧಾರದ ಮೇಲೆ ತಕ್ಕಡಿಯ ದಂಡದಂತೆ ತೂಗಲು ಬಿಡುತ್ತಾರೆ. ಮೂರು ಕಲ್ಲಿನ ಒಲೆಯ ತತ್ತ್ವವೇ ಅದು. ಹಾಗೆ ಮಾಡದೆ ಎರಡೂ ಇರುಸುಗಳನ್ನು ಗಟ್ಟಿಯಾಗಿ ಕೂರಿಸುವುದಾದರೆ ಕಟ್ಟುವವರ ಕೈ ಕೂದಲೆಳೆಯಷ್ಟೂ ತಪ್ಪಬಾರದು. ಮಾವ ಮರದ ಮೇಜಿನ ಮೇಲೆ ಕಟ್ಟಿದ್ದರು. ಮರ ಸಮತಟ್ಟಾಗಿ ಕಂಡರೂ ಇರುವುದಿಲ್ಲ.

ಬಿಚ್ಚಿ ಮತ್ತೆ ಕಟ್ಟಬೇಕು, ಬೇರೆ ದಾರಿಯಿಲ್ಲ. ಬಿಚ್ಚುವುದು ಸುಲಭ ಎಂಬುದೂ ನನಗೆ ಗೊತ್ತಿತ್ತು. ಹೇಗೆಂದು ಹೇಳುತ್ತೇನೆ.

ಬೆಸುಗೆ ಎಂದರೆ ಎರಡು ಲೋಹಗಳ ನಡುವೆ, ಅವೆರಡಕ್ಕಿಂತ ಬೇಗ ಕರಗುವ ಮೂರನೆಯ ಲೋಹವನ್ನು ಹರಿಸುವುದು. ಬಿಳಿಲೋಹ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗುತ್ತದೆ. ರೇಡಿಯೋ ರಿಪೇರಿಯವರು ಬಳಸುವ ಸಾಮಾನ್ಯ ಬೆಸುಗೆ ಕರಗಲು 183 ಡಿಗ್ರಿ ಬೇಕು. ಎರಡರ ನಡುವಿನ ಅಂತರ ತೀರ ಕಡಿಮೆ. ಬೆಸುಗೆ ಕರಗುವಷ್ಟರಲ್ಲಿ ವ್ಯಾಗನ್ನೇ ಕರಗಿ ಹನಿಯಾದೀತು. ಆದ್ದರಿಂದ 70 ಡಿಗ್ರಿಗೇ ಕರಗುವ ವಿಶೇಷ ಬೆಸುಗೆ ಬಳಸುತ್ತಾರೆ. ಬಿಸ್ಮತ್ 271 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ, ತವರ 232ಕ್ಕೆ, ಕ್ಯಾಡ್ಮಿಯಂ 321ಕ್ಕೆ. ಈ ನಾಲ್ಕನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಎಪ್ಪತ್ತಕ್ಕೇ ನೀರಾಗುತ್ತದೆ! ಬೇರೆ ಬೇರೆ ಗಾತ್ರದ ಪರಮಾಣುಗಳು ಬೆರೆತಾಗ ಅವು ಒಪ್ಪವಾಗಿ ಸಾಲುಗಟ್ಟಿ ಘನವಾಗುವುದು ಕಷ್ಟವಾಗುತ್ತದೆ. ಐಸ್‌ಕ್ರೀಂ ತಿರುವುವವರು ಮಂಜುಗಡ್ಡೆಗೆ ಉಪ್ಪು ಸೇರಿಸುವುದರ ಹಿಂದೆಯೂ ಇಂಥದೇ ತತ್ತ್ವವಿದೆ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ಮುಚ್ಚಳದ ಮೇಲೆ ಸೇಫ್ಟಿ ವಾಲ್ವ್ ಇರುತ್ತದಲ್ಲ, ಅದರೊಳಗಿನ ಲೋಹವೂ ಹೀಗೆ ಬೇಗ ಕರಗುವ ಮಿಶ್ರಣವೇ. ಅದು ಕರಗುವುದು ಇದಕ್ಕಿಂತ ಹೆಚ್ಚಿನ ಶಾಖಕ್ಕೆ, ಅಷ್ಟೇ. ಅಂದ ಹಾಗೆ, ಕ್ಯಾಡ್ಮಿಯಂ ಇರುವ ಬೆಸುಗೆಯನ್ನು ಅತಿಯಾಗಿ ಕಾಯಿಸಬಾರದು. ಅದರ ಹೊಗೆ ವಿಷ. ಕಿಟಕಿ ತೆರೆದಿಟ್ಟು, ಕಡಿಮೆ ಶಾಖದಲ್ಲೇ ಕೆಲಸ ಮಾಡಬೇಕು.

ಮಾವ ಬಳಸಿದ್ದುದು ಈ ಎಪ್ಪತ್ತು ಡಿಗ್ರಿಯ ಬೆಸುಗೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಕುದಿಯುವ ನೀರಿಗೆ ಹಾಕಿದರೆ ಎರಕದ ಭಾಗಗಳಿಗೆ ಏನೂ ಆಗುವುದಿಲ್ಲ. ಬೆಸುಗೆ ಮಾತ್ರ ಕರಗಿ, ವ್ಯಾಗನ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ತಪ್ಪು ಮಾಡಿದವರಿಗೆ ಈ ಲೋಹ ಕೊಡುವ ದೊಡ್ಡ ಸೌಲಭ್ಯ ಇದು.

ದಾರಿ ಗೊತ್ತಿದ್ದರೂ ಕೈ ಏಳಲಿಲ್ಲ. ಮಾವ ತಮ್ಮ ಕೈಯಾರೆ ಹಾಕಿದ ಬೆಸುಗೆ ಅದು. ಅವರ ಕೈಬರಹದ ಚೀಟಿಗಳು, ಸ್ಟೆತೊಸ್ಕೋಪು, ಕನ್ನಡಕ ಎಲ್ಲ ಮನೆಯಲ್ಲಿವೆ. ಆದರೆ ಅವರು ಕಟ್ಟಿದ್ದು ಎಂದು ಇರುವುದು ಇದೊಂದೇ. ಕುಂಟುತ್ತಿದ್ದರೆ ಕುಂಟಲಿ, ಗಾಜಿನ ಬೀರುವಿನಲ್ಲಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದೂ ಅನಿಸಿತು. ಕೊನೆಗೆ ಮೈಸೂರಿಗೆ ಫೋನು ಮಾಡಿದೆ.

"ಬಿಚ್ಚಿದರೆ ಮಾವ ಮಾಡಿದ್ದೆಲ್ಲ ಹೋಗುತ್ತಲ್ಲ ಅತ್ತೆ" ಎಂದೆ.

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಮಾವ ಅದನ್ನ ಬೀರುವಿನಲ್ಲಿ ಇಡೋಕ್ಕೆ ಮಾಡಲಿಲ್ಲ ಕಣೋ. ಓಡಿಸೋಕ್ಕೆ ಮಾಡಿದ್ದು" ಎಂದರು.

ಒಂದು ಹಳೆಯ ಪಾತ್ರೆಯಲ್ಲಿ ನೀರು ಕುದಿಸಿದೆ. ಆ ಪಾತ್ರೆ ಮತ್ತೆ ಅಡುಗೆಗೆ ಬಳಕೆಯಾಗಲಿಲ್ಲ, ಆಗಲೂಬಾರದು. ವ್ಯಾಗನ್ನನ್ನು ಇಕ್ಕುಳದಲ್ಲಿ ಹಿಡಿದು ಇಳಿಬಿಟ್ಟೆ. ಅರ್ಧ ನಿಮಿಷವೂ ಆಗಿರಲಿಲ್ಲ. ಒಂದು ಪಕ್ಕ ಮೆಲ್ಲಗೆ ಜಾರಿತು, ಹಿಂದೆಯೇ ತುದಿಯ ಹಲಗೆ, ಆಮೇಲೆ ತಳ. ಪಾತ್ರೆಯ ಅಡಿಯಲ್ಲಿ ಬೆಸುಗೆಯ ಹನಿಗಳು ಪಾದರಸದ ಗುಂಡುಗಳಂತೆ ಓಡಾಡುತ್ತಿದ್ದವು.

ತುಣುಕುಗಳನ್ನು ತೆಗೆದು ಒರೆಸಿ ಸಾಲಾಗಿ ಇಟ್ಟಾಗ ಮಾವನ ಕೆಲಸ ಮೊದಲಿಗಿಂತ ಚೆನ್ನಾಗಿ ಕಂಡಿತು. ಎರಕದ ಭಾಗಗಳು ಅಚ್ಚಿನಿಂದ ಬರುವಾಗ ಅಂಚಿನಲ್ಲಿ ತೆಳುವಾದ ಲೋಹದ ಪೊರೆ ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಜಾಸ್ತಿ ಉಜ್ಜಿದರೆ ಅಳತೆ ಕೆಡುತ್ತದೆ, ಕಡಿಮೆ ಉಜ್ಜಿದರೆ ಮೂಲೆ ಕೂಡುವುದಿಲ್ಲ. ಪಕ್ಕ ಮತ್ತು ತುದಿಗಳು ಕೂಡುವ ನಾಲ್ಕು ಮೂಲೆಗಳನ್ನೂ ಮಾವ ಸಮವಾಗಿ 45 ಡಿಗ್ರಿಗೆ ಉಜ್ಜಿದ್ದರು. ಮೂಲೆಮಟ್ಟ ಇಟ್ಟು ನೋಡಿದೆ, ಬೆಳಕು ನುಸುಳಲಿಲ್ಲ. ಇರುಸಿನ ಚೂಪು ತುದಿ ತಿರುಗಲು ಹಿತ್ತಾಳೆಯ ಪುಟ್ಟ ಬಟ್ಟಲುಗಳಿರುತ್ತವೆ, ಸಾಸಿವೆ ಕಾಳು ಹಿಡಿಸುವಷ್ಟು. ಎಪ್ಪತ್ತು ಡಿಗ್ರಿಯ ಬೆಸುಗೆ ಹಿತ್ತಾಳೆಗೆ ನೇರವಾಗಿ ಹಿಡಿಯುವುದಿಲ್ಲ. ಮೊದಲು ಹಿತ್ತಾಳೆಗೆ ಸಾಮಾನ್ಯ ಬೆಸುಗೆಯ ತೆಳು ಲೇಪ ಕೊಡಬೇಕು. ಕಲಾಯಿಯವರು ಪಾತ್ರೆಗೆ ತವರ ಹಚ್ಚುವ ಹಾಗೆ. ಮಾವ ಆ ಲೇಪವನ್ನೂ ಕೊಟ್ಟಿದ್ದರು. ಅದು ಕರಗಲು 183 ಡಿಗ್ರಿ ಬೇಕಾದುದರಿಂದ ಕುದಿಯುವ ನೀರು ಅದನ್ನು ಮುಟ್ಟಿರಲೇ ಇಲ್ಲ. ನಾಲ್ಕು ಬಟ್ಟಲುಗಳ ಮೇಲೂ ಮಾವನ ಕಲಾಯಿ ಹಾಗೆಯೇ ಮಿನುಗುತ್ತಿತ್ತು. ಎಲ್ಲ ಹೋಗುತ್ತದೆ ಎಂದುಕೊಂಡಿದ್ದೆ. ಹೋದದ್ದು ತಪ್ಪಾದ ಒಂದು ಕೂಡಿಕೆ ಮಾತ್ರ.

ಮತ್ತೆ ಕಟ್ಟುವ ಕೆಲಸವೆಲ್ಲ ಗಾಜಿನ ಮೇಲೆ. ಒಂದು ಪಕ್ಕ, ಒಂದು ತುದಿ, ಇವೆರಡನ್ನು ಮೂಲೆಮಟ್ಟಕ್ಕೆ ಒತ್ತಿ ಹಿಡಿದು, ಕುಂಚದಿಂದ ಫ್ಲಕ್ಸ್ ಸವರಬೇಕು. ಕಲಾಯಿಯವರು ನವಸಾಗರ ಎರಚುತ್ತಾರಲ್ಲ, ಅದರ ಕೆಲಸವೇ ಇದರದೂ. ಲೋಹದ ಮೇಲಿನ ಕಿಲುಬು ತೆಗೆದು ಬೆಸುಗೆ ಹರಿಯಲು ದಾರಿ ಮಾಡುವುದು. ಇಲ್ಲಿ ಬಳಸುವುದು ನೀರು ಬೆರೆಸಿದ ಫಾಸ್ಫಾರಿಕ್ ಆಮ್ಲ. ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಒಂದು ಹನಿ ಬೆಸುಗೆ ಹಿಡಿದು ಒಳ ಮೂಲೆಗೆ ಮುಟ್ಟಿಸಿದರೆ ಸರ್ ಎಂದು ಸಂದಿಯುದ್ದಕ್ಕೂ ಹರಿಯುತ್ತದೆ. ಎರಡು ಜೋಡಿ ಮೂಲೆಗಳಾದ ಮೇಲೆ ಅವನ್ನು ಕೂಡಿಸಿ ಪೆಟ್ಟಿಗೆ. ಕರ್ಣಗಳೆರಡನ್ನೂ ಅಳೆದು ಸಮವಿದ್ದರೆ ತಳ.

ಶಾಖ ಹೊಂದಿಸಬಲ್ಲ ಐರನ್ ಇದಕ್ಕೆ ಬೇಕು. ನನ್ನಲ್ಲಿ ಅದೂ ಇತ್ತು. ಆದರೆ ಕೊನೆಯ ಮೂಲೆಗೆ ಬಂದಾಗ ಅವಸರ ಮಾಡಿದೆ. ಬೆಸುಗೆ ಬೇಗ ಹರಿಯಲಿ ಎಂದು ಶಾಖ ಹೆಚ್ಚಿಸಿ, ಇಳಿಸುವುದನ್ನು ಮರೆತು ಮುಟ್ಟಿಸಿಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಮೇಲಿನ ಹಲಗೆಯ ಮೂಲೆ ಕುಸಿದು ಮಣಿಯಾಯಿತು. ಅಷ್ಟೊಂದು ವರ್ಷ ಮಾವ ಕಾಪಾಡಿದ್ದ ಅಂಚು ಅದು. ಕುದಿಯುವ ನೀರು ಎಷ್ಟೋ ತಪ್ಪುಗಳನ್ನು ಮನ್ನಿಸುತ್ತದೆ, ಕರಗಿಹೋದ ಎರಕವನ್ನು ಮಾತ್ರ ಹಿಂದಕ್ಕೆ ಕೊಡುವುದಿಲ್ಲ. ಐರನ್ ಆರಿಸಿ ಎದ್ದುಬಿಟ್ಟೆ. ಎರಡು ದಿನ ಆ ಕೋಣೆಗೆ ಹೋಗಲಿಲ್ಲ.

ಮೂರನೆಯ ದಿನ ಕೂತು, ಕುಸಿದ ಜಾಗಕ್ಕೆ ಎಪ್ಪತ್ತು ಡಿಗ್ರಿಯ ಬೆಸುಗೆಯನ್ನೇ ಹನಿಹನಿಯಾಗಿ ತುಂಬಿಸಿ, ತಣಿಸಿ, ಅರದಿಂದ ಹಲಗೆಯ ಆಕಾರಕ್ಕೆ ತಂದೆ. ಹಲಗೆಗಳ ಸಂದನ್ನು ಚೂಪಾದ ಮೊನೆಯಿಂದ ಗೀರಿದೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಇರಲಿ.

ಇನ್ನು ಉಳಿದದ್ದು ಇರುಸುಗಳು. ವ್ಯಾಗನ್ನಿನ ಕೆಳಗೆ ಇರುಸನ್ನು ಹಿಡಿಯುವ ಕವಲುಗಳಿರುತ್ತವೆ. ಒಂದು ಇರುಸಿನ ಎರಡೂ ಕವಲುಗಳನ್ನು ಗಟ್ಟಿಯಾಗಿ ಬೆಸೆದೆ. ಎರಡನೆಯದರಲ್ಲಿ ಒಂದನ್ನು ಬೆಸೆದು, ನಾಲ್ಕನೆಯ ಕವಲನ್ನು ಬರಿಯ ಒಂದು ಚುಕ್ಕೆ ಬೆಸುಗೆಯಲ್ಲಿ ನಿಲ್ಲಿಸಿದೆ. ಚಕ್ರಗಳನ್ನು ಕೂರಿಸಿ, ಗಾಜಿನ ಮೇಲೆ ನಿಲ್ಲಿಸಿ, ಒಳಗೊಂದು ಸಣ್ಣ ಭಾರವಿಟ್ಟು, ಆ ಚುಕ್ಕೆಗೆ ಐರನ್ ಮುಟ್ಟಿಸಿದೆ. ಬೆಸುಗೆ ಕರಗಿದ ಕ್ಷಣದಲ್ಲಿ ಕವಲು ಸಡಿಲಾಗಿ ವ್ಯಾಗನ್ ತನ್ನ ಭಾರಕ್ಕೆ ತಾನೇ ಕೂತುಕೊಂಡಿತು. ತಣಿದ ಮೇಲೆ ಮೂಲೆ ಒತ್ತಿ ನೋಡಿದೆ. ಅಲುಗಲಿಲ್ಲ. ಚಕ್ರದ ಕೆಳಗೆ ಒಂದು ಹಾಳೆಯೂ ನುಸುಳಲಿಲ್ಲ. ಆಮೇಲೆ ಫ್ಲಕ್ಸ್ ಉಳಿಯದಂತೆ ತಣ್ಣೀರಿನಲ್ಲಿ ತೊಳೆದೆ. ಉಳಿದರೆ ತಿಂಗಳು ಕಳೆಯುವುದರೊಳಗೆ ಬಣ್ಣದಡಿಯಿಂದ ಕಿಲುಬು ಏಳುತ್ತದೆ.

ತಕ್ಕಡಿಯಲ್ಲಿಟ್ಟರೆ 78 ಗ್ರಾಂ ತೂಗಿತು. ಒಂದು ಇರುಸಿಗೆ 25 ಗ್ರಾಂ ಸಾಕು ಎಂಬುದು ಹವ್ಯಾಸಿಗಳ ರೂಢಿಯ ಲೆಕ್ಕ. ಪ್ಲಾಸ್ಟಿಕ್ ವ್ಯಾಗನ್ನಿಗೆ ಅಷ್ಟು ತೂಕ ಬರಲು ಒಳಗೆ ಸೀಸ ತುಂಬಬೇಕು. ಎರಕದ್ದು ಆ ಮಟ್ಟಿಗೆ ತಾನೇ ಶ್ರೀಮಂತ. ಎಂಜಿನ್ನಿಗೆ ಎಳೆಯುವ ಶ್ರಮ ಹೆಚ್ಚು, ಆದರೆ ಹಳಿಯ ಮೇಲೆ ನಿಲ್ಲುವ ಗಾಂಭೀರ್ಯವೂ ಹೆಚ್ಚು.

ಕೊನೆಗೆ ಬಣ್ಣ. ಯಾವ ಗಣಿಯ ಹೆಸರು ಬರೆಯಬೇಕು? ಕಿಟ್ ಕೊಟ್ಟ ಹಿರಿಯರು ಯಾವ ಗಣಿಯಲ್ಲಿ ದುಡಿದಿದ್ದರೆಂದು ಅತ್ತೆಗೂ ನೆನಪಿರಲಿಲ್ಲ. ಬರೆಯದೇ ಬಿಡುವುದಕ್ಕೆ ಇತಿಹಾಸವೇ ದಾರಿ ತೋರಿಸಿತು. 1939ರಲ್ಲಿ ವ್ಯಾಗನ್ನುಗಳನ್ನು ಒಟ್ಟುಗೂಡಿಸಿದ ಮೇಲೆ ಅವುಗಳಿಗೆ ಹೊಸ ಬಣ್ಣ ಬಳಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಅಕ್ಷರಗಳು ಮಾಸಿದವು. ಒಡೆದ ಹಲಗೆಯ ಜಾಗಕ್ಕೆ ಬಣ್ಣವಿಲ್ಲದ ಹೊಸ ಹಲಗೆ ಹೊಡೆದು ಓಡಿಸಿದರು. ಹಳೆಯ ಕಪ್ಪು ಹಲಗೆಗಳ ನಡುವೆ ಬೋಳು ಮರದ ಒಂದು ಹಲಗೆ, ಆ ಕಾಲದ ವ್ಯಾಗನ್ನುಗಳ ಗುರುತೇ ಅದು. ನಾನು ಕರಗಿಸಿಬಿಟ್ಟ ಮೇಲಿನ ಹಲಗೆಗೆ ಬೋಳು ಮರದ ಬಣ್ಣ ಹಚ್ಚಿದೆ. ಉಳಿದ ಆರು ಹಲಗೆಗಳು ಮಾಸಿದ ಬೂದು.

ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿ, ಯಾರ್ಕ್‌ಷೈರಿನ ಕೆಲಿಂಗ್ಲಿ, 2015ರ ಡಿಸೆಂಬರಿನಲ್ಲಿ ಮುಚ್ಚಿತು. ಕಲ್ಲಿದ್ದಲಿನಿಂದ ವಿದ್ಯುತ್ ತೆಗೆಯುತ್ತಿದ್ದ ಅಲ್ಲಿಯ ಕೊನೆಯ ಸ್ಥಾವರ 2024ರ ಸೆಪ್ಟೆಂಬರ್ 30ರಂದು ನಿಂತಿತು. ಕಲ್ಲಿದ್ದಲೂ ಇಲ್ಲ, ಅದನ್ನು ಹೊತ್ತ ಮರದ ವ್ಯಾಗನ್ನುಗಳೂ ಬೆರಳೆಣಿಕೆಯಷ್ಟು. ಎರಕದ ಕಿಟ್ಟುಗಳ ಜಾಗಕ್ಕೂ ಈಗ ಕಂಪ್ಯೂಟರಿನಿಂದ ಮುದ್ರಿಸಿ ತೆಗೆಯುವ ಮಾದರಿಗಳು ಬರುತ್ತಿವೆ. ಅವು ಇನ್ನೂ ಸೂಕ್ಷ್ಮ, ಇನ್ನೂ ಹಗುರ. ಕಾಲ ಹೋಗುವ ದಾರಿ ಅದು, ದೂರಬೇಕಾಗಿಲ್ಲ. ಆದರೂ ಒಂದು ಗುಣವನ್ನು ಈ ಹಳೆಯ ಲೋಹದಲ್ಲಿ ಕಂಡೆ. ಇದು ತಪ್ಪನ್ನು ಮುಚ್ಚಿಡುವುದಿಲ್ಲ, ಗಾಜಿನ ಮೇಲಿಟ್ಟೊಡನೆ ಟಕ್ ಎಂದು ಹೇಳಿಬಿಡುತ್ತದೆ. ಹೇಳಿದ ಮೇಲೆ, ತಿದ್ದಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ಮೊದಲು ಕಟ್ಟಿದವರಿಗೆ ಆಗದಿದ್ದರೆ ಆಮೇಲೆ ಬಂದವರಿಗಾದರೂ.

ಕಳೆದ ದಸರೆಗೆ ಮೈಸೂರಿಗೆ ಹೋದಾಗ ಊಟದ ಮೇಜಿನ ಮೇಲೆ ಹಳಿ ಹರಡಿದೆವು. ವ್ಯಾಗನ್ನನ್ನು ಎಂಜಿನ್ನಿನ ಹಿಂದೆ ಸಿಕ್ಕಿಸಿದೆ. ಮೊದಲ ತಿರುವು ಬಂದಾಗ ಅತ್ತೆ ಅಭ್ಯಾಸಬಲದಿಂದ ಹಿಡಿದುಕೊಳ್ಳಲು ಕೈ ಚಾಚಿದರು. ವ್ಯಾಗನ್ ತಿರುಗಿಕೊಂಡು ಮುಂದೆ ಹೋಯಿತು. ಎರಡನೆಯ ಸುತ್ತು, ಮೂರನೆಯ ಸುತ್ತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡು, ಕುರ್ಚಿ ಎಳೆದು ಕೂತರು.

"ನಿಲ್ಲಿಸಬೇಡ, ಇನ್ನೊಂದು ಸುತ್ತು ಹೋಗಲಿ" ಎಂದರು.